ಉಳಿಸಬೇಕಾದ ಮಚ್ಚೆ

ಮಂಗಳೂರಿನ ಅರ್ಧದಷ್ಟು ಮದುಮಗಳಂದಿರ ಮೊಡವೆ ತೆಗೆದವನು ನಾನು. ಉಳಿದ ಅರ್ಧ ನನ್ನ ಅಪ್ಪ. ಇದು ಸ್ವಲ್ಪ ಹೆಚ್ಚಾಯಿತು ಎಂದು ಅಕ್ಕ ಹೇಳುತ್ತಾಳೆ. ಅವಳು ಎಂಜಿನಿಯರಿಂಗ್ ಕೊನೆಯ ವರ್ಷ, ಅಳೆಯದೆ ಯಾವುದನ್ನೂ ನಂಬುವುದಿಲ್ಲ. ನಾನು ಪಿಯುಸಿ ಎರಡನೇ ವರ್ಷ. ನನಗೆ ಆ ತೊಂದರೆ ಇಲ್ಲ.

ಅಪ್ಪನ ಫೋಟೋ ಸ್ಟುಡಿಯೋ ಇರುವುದು ಬಂದರಿನಲ್ಲಿ, ಒಣಮೆಣಸಿನ ಗೋಡೌನಿನ ಮಾಳಿಗೆಯಲ್ಲಿ. ಕೆಳಗಿನಿಂದ ಮೆಣಸಿನ ಘಾಟು, ಎದುರಿನಿಂದ ಮೀನಿನ ವಾಸನೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರು ಸೀನದೆ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ವೀಸಾ ಫೋಟೋ ತೆಗೆಸಿಕೊಂಡು ಗಲ್ಫಿಗೆ ಹೋದವರ ಕಣ್ಣೆಲ್ಲ ಕೆಂಪು. ಊರು ಬಿಡುವ ದುಃಖ ಎಂದು ಅಲ್ಲಿಯ ಆಫೀಸರುಗಳು ತಿಳಿದುಕೊಂಡಿರಬಹುದು. ಮೆಣಸು ಮಾರಾಯ್ರೆ, ಮೆಣಸು.

ಶಾಲೆಯ ರಜೆಗಳಲ್ಲಿ ಅಲ್ಲಿ ಕೂತು ಕೂತು ನಾನು ಟಚಪ್ಪಿನಲ್ಲಿ ಪಳಗಿದೆ. ಒಂದೇ ಸಲ ಒತ್ತಿದರೆ ಮುಖ ನುಣುಪಾಗುವ ಸೆಟ್ಟಿಂಗುಗಳನ್ನು ಕಂಪ್ಯೂಟರಿನಲ್ಲಿ ನಾನೇ ಮಾಡಿಟ್ಟು ಹೆಸರು ಕೊಟ್ಟಿದ್ದೇನೆ: ಮದುಮಗ, ಮದುಮಗಳು, ಮದುಮಗಳ ತಾಯಿ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು. ಅದನ್ನು ಎರಡು ಸಲ ಒತ್ತಿದರೆ ತಾಯಿ ಯಾರು, ಮಗಳು ಯಾರು ಎಂದು ಮದುಮಗನಿಗೇ ಅನುಮಾನ ಬರುತ್ತದೆ.

ಅಪ್ಪನದು ಮಾತ್ರ ಹಳೆಯ ಪದ್ಧತಿ. ಆಲ್ಬಮ್ಮಿನ ಆರ್ಡರ್ ಪುಸ್ತಕದಲ್ಲಿ ಮದುವೆಯ ದಿನ, ಪುಟ ಎಷ್ಟು ಎಂದೆಲ್ಲ ಬರೆದ ಮೇಲೆ ಕೊನೆಗೆ ಕೆಂಪು ಗೆರೆ ಎಳೆದ ಒಂದು ಖಾನೆ ಇದೆ: ಉಳಿಸಬೇಕಾದ ಮಚ್ಚೆ. ಆ ಖಾನೆ ತುಂಬಿಸದೆ ಯಾರ ಮುಖವನ್ನೂ ಮುಟ್ಟುವ ಹಾಗಿಲ್ಲ. ನಾನು ಹುಟ್ಟುವ ಮೊದಲು ಅಪ್ಪ ಒಬ್ಬ ಮದುಮಗಳ ಗಲ್ಲದ ಮಚ್ಚೆಯನ್ನು ಕೊಳೆ ಎಂದುಕೊಂಡು ಇಡೀ ಆಲ್ಬಮ್ಮಿನಿಂದ ಒರೆಸಿ ತೆಗೆದರಂತೆ. ಮರುವಾರ ಹುಡುಗಿಯ ಅಜ್ಜಿ ಆಲ್ಬಮ್ಮನ್ನು ಬೈರಾಸು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದು, "ಇದು ಯಾರ ಮನೆಯ ಹುಡುಗಿ? ನಮ್ಮ ಹುಡುಗಿಯನ್ನು ಕೊಡಿ" ಎಂದು ಕುರ್ಚಿಯಲ್ಲಿ ಕೂತರಂತೆ. ಹೊಸ ಆಲ್ಬಮ್ ಆಗುವವರೆಗೂ ಎದ್ದಿರಲಿಲ್ಲ ಎನ್ನುವುದು ನಾನು ಸೇರಿಸಿದ್ದು. ಖಾನೆ ಮಾತ್ರ ನಿಜ.

ಈಗ ಅಕ್ಕನ ವಿಷಯ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರಿಂದಲೂ ಕನ್ನಡ ಮಾತಾಡಿಸಿದ್ದೇನೆ, ಹಾಗಾಗಿ ಅಕ್ಕನ ಬೈಗುಳದ ಖಾರ ಅರ್ಧಕ್ಕರ್ಧ ಇಳಿದಿದೆ.

ಅವಳ ಪ್ರಾಜೆಕ್ಟು ಕುತ್ತಿಗೆಯ ಸ್ಕ್ಯಾನಿಂಗ್ ಚಿತ್ರಗಳ ಮೇಲೆ. ಥೈರಾಯ್ಡಿನಲ್ಲಿ ಸಣ್ಣ ಗಂಟೇನಾದರೂ ಇದ್ದರೆ ಕಂಪ್ಯೂಟರು ಅದನ್ನು ಹುಡುಕಿ ಸುತ್ತ ಒಂದು ಚೌಕ ಹಾಕಬೇಕು. ಡಾಕ್ಟರು ಆ ಚೌಕವನ್ನು ನೋಡಿ ಹೌದೋ ಅಲ್ಲವೋ ಹೇಳಬೇಕು. ಕೇಳಲು ಸುಲಭ. ಆದರೆ ಆ ಚಿತ್ರಗಳನ್ನು ನೀವು ನೋಡಬೇಕು! ಸದ್ದು ಮೈಯೊಳಗೆ ಹೋಗಿ ಮರಳಿ ಬರುವಾಗ ಒಂದರ ಮೇಲೊಂದು ಬಿದ್ದು ಚಿತ್ರದ ತುಂಬ ಕಾಳುಕಾಳು ಎಬ್ಬಿಸುತ್ತದಂತೆ. ನೋಡಿದರೆ ಥೇಟು ಬೆಳಗ್ಗಿನ ಸಜ್ಜಿಗೆ. ರವೆಯ ಉಪ್ಪಿಟ್ಟಿಗೆ ನಾವು ಹೇಳುವುದು ಸಜ್ಜಿಗೆ ಎಂದು. ಆ ಸಜ್ಜಿಗೆಯಲ್ಲಿ ಒಂದೇ ಒಂದು ಸಾಸಿವೆ ಇದೆ, ಅದೂ ರವೆಯದ್ದೇ ಬಣ್ಣದ್ದು, ಹುಡುಕು ಎಂದ ಹಾಗೆ.

ಈ ಪ್ರಾಜೆಕ್ಟನ್ನೇ ಅವಳು ಹಟ ಹಿಡಿದು ತೆಗೆದುಕೊಂಡದ್ದು ಅಮ್ಮನಿಂದಾಗಿ. ಎರಡು ವರ್ಷಗಳ ಹಿಂದೆ ಅಮ್ಮನಿಗೆ ಅನ್ನ ನುಂಗುವಾಗ ಏನೋ ಅಡ್ಡ ಬಂದಂತಾಗುತ್ತಿತ್ತು. ಮೊದಲ ಸಲ ಒಂದು ಹಳೆಯ ಮಷೀನಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಏನೂ ಇಲ್ಲ ಎಂದರು. ನೆಂಟರೆಲ್ಲ ಗ್ಯಾಸ್ ಎಂದರು. ನಾನೂ ಗ್ಯಾಸ್ ಎಂದೆ. ಎಂಟು ತಿಂಗಳ ಮೇಲೆ ಬೇರೆ ಕಡೆ ನೋಡಿಸಿದಾಗ ಗಂಟು ಸಿಕ್ಕಿತು. ತೆಗೆದರು. ಕೆಟ್ಟ ಗಂಟಲ್ಲ ಎಂದು ರಿಪೋರ್ಟು ಬರುವವರೆಗಿನ ಆ ಒಂದು ವಾರ ನಮ್ಮ ಮನೆಯಲ್ಲಿ ಟಿವಿ ಹಾಕಿರಲಿಲ್ಲ. ಈಗ ಅಮ್ಮನ ಕರಿಮಣಿಯ ಕೆಳಗೆ ಒಂದು ಸಪೂರ ಗೆರೆ ಇದೆ, ಅಷ್ಟೆ. ಮೊದಲ ಸ್ಕ್ಯಾನಿನ ಕಾಗದದಲ್ಲೂ ಆ ಗಂಟು ಇದ್ದಿರಲೇಬೇಕು ಎನ್ನುವುದು ಅಕ್ಕನ ವಾದ. ಎರಡನೆಯ ಡಾಕ್ಟರು ಆ ಕಾಗದದ ಮೇಲೆ ಉಗುರಿಟ್ಟು, "ಇಲ್ಲಿ ಇರಬಹುದಿತ್ತು" ಎಂದಿದ್ದರು. ನಾವು ಮೂಗು ತಾಗಿಸಿ ನೋಡಿದರೂ ಕಂಡದ್ದು ಸಜ್ಜಿಗೆ ಮಾತ್ರ.

ಒಬ್ಬರು ಡಾಕ್ಟರ್ ಮೇಡಂ ಅಕ್ಕನಿಗೆ ಅರುವತ್ತು ಹಳೆಯ ಚಿತ್ರಗಳನ್ನು, ರೋಗಿಗಳ ಹೆಸರನ್ನೆಲ್ಲ ತೆಗೆದು, ಕೊಟ್ಟಿದ್ದರು. ಜೊತೆಗೆ ಯಾವುದರಲ್ಲಿ ಗಂಟು ಇದೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿ. ಶನಿವಾರ ಮಧ್ಯಾಹ್ನ ತಂದು ತೋರಿಸಬೇಕು. ಅವರಿಗೆ ಹಿಡಿಸಿದರೆ ಇನ್ನಷ್ಟು ಚಿತ್ರ, ಪ್ರಾಜೆಕ್ಟು ಮುಂದಕ್ಕೆ. ಹಿಡಿಸದಿದ್ದರೆ ಕಾಲೇಜಿನ ಗೈಡ್ ಸಾರ್ ಹೇಳಿದ ಹಾಗೆ ಪಾರ್ಕಿಂಗ್ ಸೆನ್ಸರು. ಅವಳ ಕ್ಲಾಸಿನಲ್ಲಿ ಆಗಲೇ ನಾಲ್ಕು ತಂಡಗಳು ಪಾರ್ಕಿಂಗ್ ಸೆನ್ಸರು ಮಾಡುತ್ತಿದ್ದವು. ಕಾಲೇಜಿನಲ್ಲಿ ಅಷ್ಟು ಕಾರುಗಳೇ ಇರಲಿಲ್ಲ.

ಸೋಮವಾರ ಸಂಜೆ ವಾಮಂಜೂರಿನ ನಮ್ಮ ಮನೆಯ ಜಗಲಿಯಲ್ಲಿ ಅವಳು ಲ್ಯಾಪ್‌ಟಾಪ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಳು.

"ಎಂತ ಕಷ್ಟ?" ಎಂದು ಕೇಳಿದೆ.

"ಈ ಕಾಳು ಹೋಗ್ಬೇಕು ಮಾರಾಯ. ಕಾಳು ಇದ್ರೆ ಪ್ರೋಗ್ರಾಮು ಎಲ್ಲ ಕಾಳನ್ನೂ ಗಂಟು ಅಂತ ಹೇಳ್ತದೆ."

"ಅಷ್ಟೆಯಾ? ನನಗೆ ಕೊಡು. ನಾಳೆ ನುಣ್ಣಗೆ ಮಾಡಿ ತರ್ತೇನೆ."

"ಇದು ಮದುವೆ ಫೋಟೋ ಅಲ್ಲ."

"ಮುಖ ಆದ್ರೆ ಎಂತ, ಕುತ್ತಿಗೆ ಆದ್ರೆ ಎಂತ? ನಡುವೆ ಬರೀ ಗದ್ದ ಉಂಟು."

ಅವಳಿಗೆ ಬೇರೆ ದಾರಿ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಅರುವತ್ತು ಚಿತ್ರ ಹಾಕಿದಳು. ಆಮೇಲೆ ಸ್ವಲ್ಪ ಯೋಚಿಸಿ ಅರುವತ್ತೊಂದನೆಯದಾಗಿ ಅಮ್ಮನ ಮೊದಲ ಸ್ಕ್ಯಾನನ್ನೂ ಹಾಕಿದಳು. ಆ ಕಾಗದ ಮಾಸುತ್ತಿದೆ ಎಂದು ಅಪ್ಪ ಅದನ್ನು ಸ್ಟುಡಿಯೋದ ಸ್ಕ್ಯಾನರಿನಲ್ಲಿಟ್ಟು ದೊಡ್ಡದಾಗಿ ಪ್ರತಿ ಮಾಡಿಟ್ಟಿದ್ದರು.

ಮಂಗಳವಾರ ಕಾಲೇಜು ಬಿಟ್ಟವನೇ ಬಸ್ಸಿನ ಫುಟ್‌ಬೋರ್ಡಿನಲ್ಲಿ ವೀರನ ಹಾಗೆ ನೇತಾಡಿಕೊಂಡು ಬಂದರಿಗೆ ಹೋದೆ. ಅಪ್ಪ ಒಂದು ನಾಮಕರಣಕ್ಕೆ ಹೋಗಿದ್ದರು. ಕಂಪ್ಯೂಟರು ನನ್ನದೇ. ಮೊದಲು 'ಮದುಮಗ' ಒತ್ತಿದೆ. ಕಾಳು ಅಲುಗಲಿಲ್ಲ. 'ಮದುಮಗಳು' ಒತ್ತಿದೆ. ಸ್ವಲ್ಪ ಹೋಯಿತು. ಕೊನೆಗೆ ದೇವರನ್ನು ನೆನೆದು 'ಮದುಮಗಳ ತಾಯಿ'ಯನ್ನು ಅರುವತ್ತೊಂದಕ್ಕೂ ಒಟ್ಟಿಗೆ ಕೊಟ್ಟೆ. ಏನು ಹೇಳಲಿ! ಕುತ್ತಿಗೆಗಳೆಲ್ಲ ಕೆನೆಮೊಸರಿನ ಹಾಗೆ ಹೊಳೆಯತೊಡಗಿದವು. ಅಷ್ಟು ಚಂದದ ಥೈರಾಯ್ಡುಗಳು ಭೂಮಿಯ ಮೇಲೆ ಇದ್ದಿರಲಾರವು. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು.

ಅಕ್ಕನಿಗೂ ಮೊದಲು ಖುಷಿಯೇ ಆಯಿತು. "ಪರವಾಗಿಲ್ಲ ಮಾರಾಯ, ನಿನ್ನಲ್ಲೂ ಎಂತದೋ ಉಂಟು" ಎಂದಳು. ಹುಟ್ಟಿದಂದಿನಿಂದ ಅವಳು ನನ್ನನ್ನು ಹೊಗಳಿದ್ದು ಅದು ಎರಡನೇ ಸಲ. ಮೊದಲನೆಯದು ನಾನು ಮಲಗಿದ್ದಾಗಂತೆ.

ಬುಧವಾರ ಸಂಜೆ ಅವಳು ಪ್ರೋಗ್ರಾಮು ಓಡಿಸಿದಳು. ಒಂದು, ಎರಡು, ಮೂರು... ಚೌಕವೇ ಬರಲಿಲ್ಲ. ಇಪ್ಪತ್ತಾಯಿತು, ನಲವತ್ತಾಯಿತು. ಅರುವತ್ತರಲ್ಲಿ ಒಂದರಲ್ಲೂ ಗಂಟಿಲ್ಲ! ಮೇಡಂ ಕೊಟ್ಟ ಪಟ್ಟಿಯ ಪ್ರಕಾರ ಅರ್ಧದಷ್ಟರಲ್ಲಾದರೂ ಇರಬೇಕಿತ್ತು.

"ನೋಡು, ಎಲ್ಲರನ್ನೂ ಗುಣ ಮಾಡಿದೆ. ಒಂದು ಮಾತ್ರೆ ಖರ್ಚಿಲ್ಲ" ಎಂದೆ.

ಅವಳು ನಗಲಿಲ್ಲ. ಅರುವತ್ತೊಂದನೆಯದನ್ನು ತೆರೆದಳು. ಡಾಕ್ಟರು ಉಗುರಿಟ್ಟಿದ್ದ ಜಾಗ ನನಗೂ ಗೊತ್ತಿತ್ತು. ಅಲ್ಲಿ ಈಗ ಮೊಸರು. ಹಳೆಯ ಮಷೀನು ಒಂದು ಸಲ ಕಾಣದೆ ಬಿಟ್ಟದ್ದನ್ನು ನಾನು ನನ್ನ ಕೈಯಾರೆ ಎರಡನೇ ಸಲ ಒರೆಸಿ ಹಾಕಿದ್ದೆ.

"ಮೊಡವೆ ಅಂದ್ಕೊಂಡ್ಯಾ ನೀನು? ಅಮ್ಮನ ಗಂಟನ್ನು?" ಅವಳ ಧ್ವನಿ ಸಣ್ಣದಾಗಿತ್ತು. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಬಾಯಿಗೆ ಒಂದೂ ತಮಾಷೆ ಬರಲಿಲ್ಲ. ನನ್ನ ಮಟ್ಟಿಗೆ ಅದು ಕಾಯಿಲೆಯ ಲಕ್ಷಣ.

ಅಷ್ಟರಲ್ಲಿ ಅಪ್ಪ ಬಂದರು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, ನಮ್ಮ ಬೆನ್ನ ಹಿಂದಿನಿಂದ ಪರದೆಯನ್ನು ನೋಡಿದರು.

"ಯಾರು ಮಾಡಿದ್ದು ಈ ಟಚಪ್?"

ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ಉಳಿಸುವ ಖಾನೆಯಲ್ಲಿ ಎಂತ ಬರ್ದಿದ್ದೆ?"

"ಎಂತದೂ ಬರೀಲಿಲ್ಲ."

"ಎಂತದೂ ಬರೀದೆ ಕೈ ಹಾಕಿದ್ಯಾ? ಇಷ್ಟು ವರ್ಷ ಕೂತು ನೀನು ಕಲ್ತದ್ದು ಇದಾ?" ಅವರು ಹೆಲ್ಮೆಟ್ಟು ತೆಗೆದು ಅಕ್ಕನ ಪಕ್ಕ ಕೂತರು. "ನೋಡು ಮಗಾ, ಕೆನ್ನೆ ಉಜ್ಜುವಾಗ ಬ್ರಶ್ಶು ಕೆನ್ನೆಯಲ್ಲೇ ಓಡ್ಬೇಕು. ಮೂಗಿನ ಅಂಚು ಬಂತಾ, ಅಲ್ಲಿ ನಿಲ್ಬೇಕು. ತುಟಿಯ ಅಂಚಿಗೆ ನಿಲ್ಬೇಕು. ಮಚ್ಚೆಯ ಅಂಚಿಗೂ ನಿಲ್ಬೇಕು. ಅಂಚು ದಾಟಿದ್ರೆ ಮತ್ತೆ ಅದು ಮುಖ ಅಲ್ಲ, ಬಲೂನು. ಇವನು ಮಾಡಿದ್ದು ಬಲೂನು."

ಅಕ್ಕ ಸಟ್ಟನೆ ಎದ್ದು ನಿಂತಳು. "ಅಪ್ಪ, ಇನ್ನೊಂದ್ಸಲ ಹೇಳಿ."

"ಬಲೂನು."

"ಅಲ್ಲ, ಅಂಚಿಂದು!"

ಅಪ್ಪ ಮತ್ತೊಮ್ಮೆ ಹೇಳುವುದರೊಳಗೆ ಅವಳು ಪುಸ್ತಕದ ರಾಶಿಯಲ್ಲಿ ತಲೆ ಹಾಕಿಯಾಗಿತ್ತು. ಇಂಥದ್ದೇ ಒಂದು ಲೆಕ್ಕವನ್ನು ಕ್ಲಾಸಿನಲ್ಲಿ ಕಲಿಸಿದ್ದರಂತೆ. ಬೋರ್ಡಿನ ಮೇಲೆ ಬರೆದಾಗ ಅದು ಯಾವುದಕ್ಕೆ ಎಂದು ಒಬ್ಬರಿಗೂ ತಲೆಗೆ ಹೋಗಿರಲಿಲ್ಲವಂತೆ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಚಿತ್ರದ ಒಂದೊಂದು ಚುಕ್ಕೆಯೂ ಒಂದೊಂದು ಮನೆ. ಪಕ್ಕದ ಮನೆಯೊಂದಿಗೆ ಸಣ್ಣ ವ್ಯತ್ಯಾಸವಿದ್ದರೆ ಇಬ್ಬರೂ ಸ್ವಲ್ಪ ಸ್ವಲ್ಪ ಹೊಂದಿಕೊಂಡು ಒಂದೇ ಬಣ್ಣಕ್ಕೆ ಬರುತ್ತಾರೆ. ಕಾಳು ಹಾಗೆ ಕರಗುತ್ತದೆ. ವ್ಯತ್ಯಾಸ ದೊಡ್ಡದಾಗಿದ್ದರೆ ನಡುವೆ ಕಂಪೌಂಡು ಗೋಡೆ ಏಳುತ್ತದೆ, ಆಚೆಯವರು ಆಚೆ, ಈಚೆಯವರು ಈಚೆ. ಗಂಟಿನ ಅಂಚು ಹಾಗೆ ಉಳಿಯುತ್ತದೆ. ಎಷ್ಟು ವ್ಯತ್ಯಾಸಕ್ಕೆ ಗೋಡೆ ಕಟ್ಟಬೇಕು ಎನ್ನುವುದರಲ್ಲೇ ಕಸುಬೆಲ್ಲ ಇರುವುದು. ಗೋಡೆ ಜಾಸ್ತಿಯಾದರೆ ಮತ್ತೆ ಸಜ್ಜಿಗೆ, ಕಡಿಮೆಯಾದರೆ ಮತ್ತೆ ನನ್ನ ಮೊಸರು.

ಗುರುವಾರ ಮತ್ತು ಶುಕ್ರವಾರ ನಮ್ಮ ಜಗಲಿ ಕಾರ್ಖಾನೆಯಾಯಿತು. ಅಕ್ಕ ಲೆಕ್ಕ ಬರೆದಳು. ನಾನು ಒಂದೊಂದು ಚಿತ್ರ ತೆರೆದು, ಮೇಡಂ ಕೊಟ್ಟ ಪಟ್ಟಿಯೊಂದಿಗೆ ತಾಳೆ ಹಾಕಿ, "ಬಂತು", "ಹೋಯ್ತು" ಎಂದು ಕೂಗಿದೆ. ಕ್ರಿಕೆಟ್ ಕಾಮೆಂಟರಿಗಿಂತ ಒಂದು ಕೂದಲೂ ಕಡಿಮೆ ಇರಲಿಲ್ಲ. ಅಪ್ಪ ಸ್ಟುಡಿಯೋಕ್ಕೆ ಅರ್ಧ ದಿನ ಬಾಗಿಲು ಹಾಕಿ ಬಂದು, ಕನ್ನಡಕ ಹಣೆಗೇರಿಸಿ, "ಇಲ್ಲಿ ಸ್ವಲ್ಪ ಜಾಸ್ತಿ ಉಜ್ಜಿತು", "ಇದು ಸರಿ" ಎಂದು ಹೇಳುತ್ತ ಕೂತರು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಅಪ್ಪ ಹೇಳಿದಂತೆ ಅಕ್ಕ ಅಂಕೆ ಬದಲಿಸುವುದನ್ನು ನೋಡಿ ನನಗೆ ರೋಮಾಂಚನವಾಯಿತು. ಹೊರಗೆ ತೋರಿಸಲಿಲ್ಲ.

ಅಮ್ಮ ಚಾ ತಂದಿಟ್ಟು, "ನನ್ನ ಕುತ್ತಿಗೆಯನ್ನು ಹೀಗೆ ಊರಿಡೀ ನೋಡ್ಲಿಕ್ಕೆ ಇಟ್ಟಿದ್ದೀರಲ್ಲ, ನಾಚಿಕೆ ಆಗುವುದಿಲ್ವಾ?" ಎಂದರು.

"ಊರು ಎಲ್ಲಿ, ನಾವು ಮೂರು ಜನ."

"ನೀನೊಬ್ಬ ಸಾಕು, ಊರಿಗೆ ಹೇಳ್ಲಿಕ್ಕೆ."

ಶುಕ್ರವಾರ ಸಂಜೆ, ಎಷ್ಟನೆಯ ಸಲವೋ, ಅಕ್ಕ ಅರುವತ್ತೊಂದನೆಯದನ್ನು ಓಡಿಸಿದಳು. ಕಾಳು ಮೆಲ್ಲನೆ ಕರಗಿತು. ಕರಗಿದ ಮೇಲೆ ಡಾಕ್ಟರು ಉಗುರಿಟ್ಟಿದ್ದ ಜಾಗದಲ್ಲಿ ಕಡಲೆಯಷ್ಟು ದೊಡ್ಡ ಒಂದು ಮಬ್ಬು ಉಳಿಯಿತು. ಅದರ ಸುತ್ತ ತನ್ನಷ್ಟಕ್ಕೆ ಒಂದು ಕೆಂಪು ಚೌಕ ಬಂದು ಕೂತಿತು. ನಾನು ಎಷ್ಟು ಜೋರಾಗಿ ಬೊಬ್ಬೆ ಹೊಡೆದೆನೆಂದರೆ ಎದುರಿನ ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು ಗುರುಪುರ ಹೊಳೆಯ ಕಡೆಗೆ ಹೋದವು. ಒಂದೆರಡು ಇನ್ನೂ ಬಂದಿಲ್ಲ.

ಶನಿವಾರ ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರ್ ಮೇಡಂ ನಮ್ಮನ್ನು ಒಳಗೆ ಕರೆದರು. ಅಕ್ಕ, ಅಪ್ಪ, ನಾನು. ಮೇಡಂ ಐವತ್ತು ದಾಟಿದವರು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಅದರ ಪಕ್ಕ ದಾರಕ್ಕೆ ಕಟ್ಟಿದ ಕನ್ನಡಕ. ಮಾತು ಕಡಿಮೆ. ಅಕ್ಕ ಮೊದಲು ಅಮ್ಮನ ಚಿತ್ರವನ್ನೇ ತೋರಿಸಿದಳು. ಮೇಡಂ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಇಲ್ಲಿ ಉಂಟು ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ?"

"ಹೌದು ಮೇಡಂ."

"ಗೊತ್ತಿದ್ದ ಕಡೆ ಹುಡುಕುವುದು ದೊಡ್ಡದಲ್ಲ. ಗೊತ್ತಿಲ್ಲದ್ದು ಕೊಡ್ತೇನೆ, ನೋಡುವ."

ಅಕ್ಕನ ಮುಖದ ಬಣ್ಣ ಇಳಿಯಿತು. ಮೇಡಂ ತಮ್ಮ ಕಂಪ್ಯೂಟರಿನಿಂದ ಮೂರು ಹೊಸ ಚಿತ್ರ ಕೊಟ್ಟರು. ಮೊದಲನೆಯದಕ್ಕೆ ಚೌಕ ಬಿತ್ತು. "ಸರಿ" ಎಂದರು. ಎರಡನೆಯದಕ್ಕೆ ಬೀಳಲಿಲ್ಲ. "ಸರಿ, ಇದು ನಾರ್ಮಲ್." ಮೂರನೆಯದಕ್ಕೆ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಚೌಕ ಬಿತ್ತು. ಮೇಡಂ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಇದೂ ಸರಿ. ಇನ್ನು ಈಗಲೇ ತೆಗೆದ ಚಿತ್ರ ಒಂದು ಬೇಕಿತ್ತು, ಯಾರೂ ನೋಡದ್ದು" ಎಂದರು.

"ನನ್ನ ಕುತ್ತಿಗೆ ಉಂಟಲ್ಲ ಮೇಡಂ!" ಎಂದೆ.

ಮೇಡಂ ಅಪ್ಪನ ಮುಖ ನೋಡಿದರು. "ಆಗ್ಬಹುದು. ಇವನಲ್ಲಿ ಉಪಯೋಗಕ್ಕೆ ಬರುವುದು ಅದೊಂದಾದ್ರೂ ಇರ್ಲಿ" ಎಂದರು ಅಪ್ಪ.

ಮಂಚದ ಮೇಲೆ ಮಲಗಿದೆ. ಮೇಡಂ ಕುತ್ತಿಗೆಗೆ ಜೆಲ್ ಹಚ್ಚಿದರು. ಐಸ್‌ಕ್ಯಾಂಡಿಯನ್ನು ಕಾಲರಿನೊಳಗೆ ಬಿಟ್ಟ ಹಾಗೆ. ಸಾಬೂನಿನಷ್ಟು ದೊಡ್ಡದೊಂದು ಉಪಕರಣವನ್ನು ಆ ಕಡೆ ಈ ಕಡೆ ಜಾರಿಸಿ, ಒಂದು ಕಡೆ ನಿಲ್ಲಿಸಿ, ಚಿತ್ರವನ್ನು ಅಕ್ಕನಿಗೆ ಕೊಟ್ಟರು. ನಾನು ತಾರಾನಟನ ಹಾಗೆ ಮಲಗಿಯೇ ಕಾದೆ.

ಅಕ್ಕ ಅದೇ ಕೀಲಿಯನ್ನು ಎರಡನೇ ಸಲ ಒತ್ತಿದಳು.

"ಎಂತಾಯ್ತು?"

ತಲೆ ಎತ್ತಿ ನೋಡಿದೆ. ಪರದೆಯಲ್ಲಿ ನನ್ನ ಕುತ್ತಿಗೆ. ಎಡಬದಿಯಲ್ಲಿ ಒಂದು ಗುಂಡಗಿನದು. ಅದರ ಸುತ್ತ ದಪ್ಪನೆಯ ಕೆಂಪು ಚೌಕ.

ಹದಿನೇಳು ವರ್ಷಗಳ ಜೀವನ ಕಣ್ಣೆದುರು ಸರಿದುಹೋಯಿತು. ಸರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೆಚ್ಚಿನದು ಕ್ಲಾಸಿನ ಹೊರಗೆ ನಿಂತದ್ದು. ಅಪ್ಪ ಎದ್ದು ಬಂದು ನನ್ನ ಕಾಲು ಹಿಡಿದುಕೊಂಡರು. ಆ ಕ್ಷಣದಲ್ಲಿ ತನ್ನ ಪ್ರೋಗ್ರಾಮು ತಪ್ಪಾಗಲಿ ಎಂದು ಬೇಡಿಕೊಂಡದ್ದಾಗಿ ಅಕ್ಕ ಆಮೇಲೆ ಹೇಳಿದಳು. ಪಾರ್ಕಿಂಗ್ ಸೆನ್ಸರಿಗೂ ಒಪ್ಪಿಕೊಂಡಿದ್ದಳಂತೆ.

ಮೇಡಂ ಒಂದು ಲೋಟ ನೀರು ತಂದರು. "ಬಾಯಲ್ಲಿ ಇಟ್ಕೊ. ನಾನು ಹೇಳುವಾಗ ನುಂಗು." ಉಪಕರಣವನ್ನು ಮತ್ತೆ ಅದೇ ಜಾಗಕ್ಕೆ ಇಟ್ಟು, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಈಗ."

ನುಂಗಿದೆ. ಪರದೆಯಲ್ಲಿದ್ದ ಆ ಗುಂಡಗಿನದು ಬಾಯಿ ತೆರೆದು, ಮಿನುಮಿನು ಮಿನುಗಿ, ಮತ್ತೆ ಮುಚ್ಚಿಕೊಂಡಿತು.

"ಗಂಟು ನೀರು ಕುಡಿಯುವುದಿಲ್ಲ" ಎಂದರು ಮೇಡಂ. "ಇದು ನಿನ್ನ ಅನ್ನನಾಳ. ಎಡಬದಿಯಲ್ಲಿ ಹೀಗೇ ಗಂಟಿನ ವೇಷ ಹಾಕಿ ಕೂತಿರ್ತದೆ. ಹೊಸ ಡಾಕ್ಟರುಗಳೂ ಮೋಸ ಹೋಗ್ತಾರೆ. ಬೆಳಗ್ಗೆ ಎಂತ ತಿಂದದ್ದು?"

"ಸಜ್ಜಿಗೆ" ಎಂದೆ. ಅಷ್ಟು ಸಣ್ಣ ಧ್ವನಿಯಲ್ಲಿ ನಾನು ಮಾತಾಡಬಲ್ಲೆ ಎಂದು ಮನೆಯವರಿಗೆ ಅಂದೇ ಗೊತ್ತಾದದ್ದು.

ಅಪ್ಪ ಗೋಡೆಗೊರಗಿ ನಗತೊಡಗಿದರು. ಅಕ್ಕ ಮಾತ್ರ ಲ್ಯಾಪ್‌ಟಾಪ್ ಮಡಚುತ್ತಿದ್ದಳು. "ತಪ್ಪಾಯ್ತಲ್ಲ ಮೇಡಂ. ಆಯ್ತು, ನಾವು ಬರ್ತೇವೆ."

"ಎಲ್ಲಿಗೆ ಹೊರಟದ್ದು? ಕೂತ್ಕೊ." ಮೇಡಂ ಕೈ ಒರೆಸಿಕೊಂಡರು. "ಇಲ್ಲದ್ದನ್ನು ಉಂಟು ಅಂತ ತೋರಿಸಿದ್ರೆ ನಾನು ಒಂದು ಲೋಟ ನೀರು ಕೊಟ್ಟು ನೋಡ್ತೇನೆ. ಇದ್ದದ್ದನ್ನು ಒರೆಸಿ ಹಾಕಿದ್ರೆ ನಾನು ಎಲ್ಲಿಂದ ಹುಡುಕುವುದು? ನಿನ್ನದು ಒರೆಸ್ಲಿಲ್ಲ. ಸಾಸಿವೆಯಷ್ಟಿದ್ದದ್ದನ್ನೂ ಬಿಡ್ಲಿಲ್ಲ. ಅಷ್ಟು ಸಾಕು ಶುರು ಮಾಡ್ಲಿಕ್ಕೆ. ಆದ್ರೆ ಇನ್ನು ಮುಂದೆ ಚಿತ್ರ ಕ್ಲೀನ್ ಮಾಡುವ ಮೊದಲು ಇಲ್ಲಿ ಬಂದು ಕೂತ್ಕೊಳ್ಬೇಕು. ಯಾವುದನ್ನು ಮುಟ್ಟಬಾರದು ಅಂತ ನಾನು ಗುರುತು ಹಾಕಿ ಕೊಡ್ತೇನೆ. ಅನ್ನನಾಳ ಯಾವುದು ಅಂತಲೂ ಕಲೀಬೇಕು. ಪ್ರತಿ ಶನಿವಾರ, ಬರ್ತೀಯಾ?"

ಅಕ್ಕ ತಲೆಯನ್ನು ಎಷ್ಟು ಸಲ ಆಡಿಸಿದಳೆಂದರೆ ಕಿವಿಯ ಓಲೆ ಒಂದು ಕಳಚಿ ಮಂಚದಡಿಗೆ ಹೋಯಿತು. ಅದನ್ನು ಹುಡುಕಿಕೊಟ್ಟವನು ನಾನು. ಕಂಪ್ಯೂಟರಿನ ಸಹಾಯವಿಲ್ಲದೆ.

ಅಪ್ಪ ಚೀಲದಿಂದ ಆರ್ಡರ್ ಪುಸ್ತಕ ತೆಗೆದು, "ಇದಕ್ಕೆ ನಮ್ಮಲ್ಲಿ ಒಂದು ಖಾನೆ ಉಂಟು ಮೇಡಂ" ಎಂದು ತೋರಿಸಿದರು. ಮೇಡಂ ಓದಿದರು. ಮೊದಲ ಸಲ ನಕ್ಕರು. "ಇಂಥದ್ದೇ ಒಂದು ಪುಸ್ತಕಕ್ಕೆ ಗೆರೆ ಹಾಕಿಸಿ ಕಳಿಸಿ" ಎಂದರು.

ನನ್ನ ಕುತ್ತಿಗೆಯನ್ನೂ ಸ್ಕ್ಯಾನ್ ಮಾಡಿದರೆಂದು ಅಪ್ಪ ದಾರಿಯಲ್ಲೇ ಫೋನ್ ಮಾಡಿ ಹೇಳಿದ್ದರು. ಮನೆಗೆ ಬರುವಾಗ ಅಮ್ಮ ಗೇಟಿನಲ್ಲೇ ನಿಂತಿದ್ದರು. ಅಕ್ಕ ಅವರನ್ನು ತಬ್ಬಿಕೊಂಡಳು. ಅಪ್ಪ ಕೆಂಪು ಚೌಕ ಬಿದ್ದ ಅಮ್ಮನ ಚಿತ್ರವನ್ನು ಸ್ಟುಡಿಯೋದಲ್ಲಿ ಪ್ರಿಂಟು ಹಾಕಿ ತಂದಿದ್ದರು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ಸಣ್ಣದಾ? ಗ್ಯಾಸ್ ಗ್ಯಾಸ್ ಅಂತ ಹೇಳಿದ್ದು ಇದಕ್ಕಾ?" ಆಮೇಲೆ ಅಪ್ಪನ ಕಡೆ ತಿರುಗಿ, "ನೀವೇ ಬಿಡಿಸಿ ಇಟ್ಟದ್ದಲ್ಲ ತಾನೆ?" ಎಂದರು.

"ನಾನು ಮುಟ್ಟಲಿಲ್ಲ. ಇದು ಅಲ್ಲೇ ಇತ್ತು" ಎಂದರು ಅಪ್ಪ.

ಅಮ್ಮ ಕರಿಮಣಿಯ ಕೆಳಗಿನ ಗೆರೆಯನ್ನು ಒಂದು ಸಲ ಮುಟ್ಟಿಕೊಂಡು ಚಿತ್ರವನ್ನು ಮಡಚದೆ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟರು. ಮತ್ತೆ ಹೊರಗೆ ಬಂದು, "ಇವನ ಕುತ್ತಿಗೆಯಲ್ಲಿ ಎಂತ ಸಿಕ್ಕಿತು?" ಎಂದು ಕೇಳಿದರು.

"ಸಜ್ಜಿಗೆ" ಎಂದಳು ಅಕ್ಕ.

ಅಮ್ಮ ನಗಲಿಲ್ಲ. ನನ್ನನ್ನು ಜಗಲಿಯ ಬೆಳಕಿಗೆ ಎಳೆದು, ಗದ್ದ ಎತ್ತಿ ಹಿಡಿದು, ಒದ್ದೆ ಹೆಬ್ಬೆರಳಿನಿಂದ ಎಡಬದಿಯನ್ನು ಮೆಲ್ಲನೆ ಒತ್ತಿದರು. "ನುಂಗು" ಎಂದರು.

ನುಂಗಿದೆ.